ಮಾವನ ಹೋಟೆಲಿನ ಊಟ, ಮದ್ರಾಸಿನ ಭತ್ಯೆ

೧೯೫೮ನೇ ಇಸವಿ. ಮದ್ರಾಸಿನ ಪುದುಪೇಟೆಯಲ್ಲಿ, ಕೂವಂ ಹೊಳೆಗೆ ಬೆನ್ನು ಹಾಕಿ ನಿಂತಿದ್ದ ಒಂದು ತಗಡಿನ ಶೆಡ್ಡಿನಲ್ಲಿ ನಾನು ಎರಡನೇ ದರ್ಜೆಯ ಕಂಪ್ರೆಸರ್ ಫಿಟ್ಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಓದು ನಾಲ್ಕನೇ ಕ್ಲಾಸು. ಕಂಪ್ರೆಸರ್ ಎಂದರೆ ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಗ್ಯಾಸನ್ನು ಹಿಂಡಿ ಕೊಳವೆಯೊಳಗೆ ತಳ್ಳುವ ಯಂತ್ರ. ಅದು ನಿಂತರೆ ಐಸ್ ಇಲ್ಲ. ಐಸ್ ಇಲ್ಲದಿದ್ದರೆ ಮೀನು ಕೊಳೆಯುತ್ತದೆ, ಹಾಲು ಒಡೆಯುತ್ತದೆ, ಫ್ಯಾಕ್ಟರಿಯ ಯಜಮಾನರು ನಮ್ಮ ಶೆಡ್ಡಿನ ಬಾಗಿಲಿಗೆ ಬಂದು ಕೂಗಾಡುತ್ತಾರೆ. ಅದರ ಹೊಟ್ಟೆಯೊಳಗೆ ತಿರುಗುವ ಶಾಫ್ಟಿಗೆ ಬಿಳಿ ಲೋಹದ ಬೇರಿಂಗನ್ನು ಕೈಯಿಂದ ಹೆರೆದು ಕೂರಿಸುವುದು ನನ್ನ ಕೆಲಸ. ಶಾಫ್ಟಿಗೆ ನೀಲಿ ಬಣ್ಣ ಬಳಿದು, ಬೇರಿಂಗಿನಲ್ಲಿಟ್ಟು ಒಂದು ಸುತ್ತು ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಹೆರೆಯಬೇಕು. ಕೂದಲೆಳೆಯಷ್ಟು ಹೆಚ್ಚು ಹೆರೆದರೆ ಬೇರಿಂಗು ಕಸದ ಬುಟ್ಟಿಗೆ.

ಕಂಪನಿಯ ಹೆಡ್ ಆಫೀಸು ಮುಂಬಯಿಯಲ್ಲಿ. ಹೆಸರು ಬೇಡ. ಮುಂಬಯಿಯಲ್ಲಿ ಇದೇ ಕೆಲಸ ಮಾಡುವ ಫಿಟ್ಟರಿಗೆ ತಿಂಗಳಿಗೆ ನೂರ ನಲವತ್ತೈದು ರೂಪಾಯಿ. ಮದ್ರಾಸಿನಲ್ಲಿ ನನಗೆ ತೊಂಬತ್ತೈದು. ತಿರುಚ್ಚಿಯ ಶಾಖೆಯಲ್ಲಿ ಇನ್ನೂ ಕಡಿಮೆ. ಊರಿನ ಬದುಕು ಎಷ್ಟು ದುಬಾರಿಯೋ ಸಂಬಳ ಅಷ್ಟು ಎಂದು ಆಫೀಸಿನವರು ಹೇಳುತ್ತಿದ್ದರು. ನಮಗೂ ಅದು ನ್ಯಾಯ ಎಂದೇ ಕಾಣುತ್ತಿತ್ತು. ಮುಂಬಯಿ ಎಂದರೆ ಮುಂಬಯಿ ಅಲ್ಲವೇ ಎಂದು ನಾವೇ ತಲೆಯಾಡಿಸುತ್ತಿದ್ದೆವು.

ಈ ಹಳೆಯ ಸಂಗತಿಯನ್ನು ಈಗ ಬರೆಯಲು ಕೂರಿಸಿದವಳು ನನ್ನ ಮೊಮ್ಮಗಳು ವಿದ್ಯಾ. ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಲಿಫ್ಟ್ ನೋಡಿಕೊಳ್ಳುವ ಕಂಪನಿ ಸೇರಿದ್ದಾಳೆ. ಶೋಳಿಂಗನಲ್ಲೂರಿನ ಹತ್ತು ಮಹಡಿಯ ಕಟ್ಟಡಗಳಲ್ಲಿ ಲಿಫ್ಟು ನಿಂತರೆ ಜನ ಕೂಗುವುದು ನನ್ನ ಮೊಮ್ಮಗಳನ್ನು. ನಮ್ಮ ವಂಶದಲ್ಲಿ ಸ್ಪ್ಯಾನರ್ ಹಿಡಿದ ಎರಡನೆಯ ಕೈ ಅವಳದು. ಈ ಮಾತನ್ನು ನಾನು ಈಗ ಇರುವ ವೇಲಚೇರಿಯ ತರಕಾರಿ ಅಂಗಡಿಯವನಿಗೂ ಹೇಳಿ ಮುಗಿಸಿದ್ದೇನೆ. ಮೊನ್ನೆ ಬಂದವಳು, ಮದುರೆಯಲ್ಲಿ ಇದೇ ಕೆಲಸ ಮಾಡುವ ಗೆಳತಿಗೆ ತನಗಿಂತ ಕಡಿಮೆ ಸಂಬಳ ಎಂದು ಹೇಳಿ, “ಯಾಕೆ ಅಜ್ಜಾ ಅಪ್ಪಡಿ? ಯಾಕೆ ಹಾಗೆ?” ಎಂದು ಕೇಳಿದಳು. ಮೊಮ್ಮಕ್ಕಳು ಮೊಬೈಲು ಸರಿಮಾಡಿಕೊಡುತ್ತಾರೆ, ಮಾತ್ರೆ ತಂದುಕೊಡುತ್ತಾರೆ. ನನ್ನ ಕಸುಬಿನ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಂತೋಷಕ್ಕೆ ಕೂರಲಾಗಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇದ್ದದ್ದು ತಿರುವಲ್ಲಿಕೇಣಿಯಲ್ಲಿ, ನನ್ನ ಸೋದರಮಾವ ಅನಂತ ಮಾವನ ಹೋಟೆಲಿನ ಮಾಳಿಗೆಯ ಮೇಲೆ. ನಮ್ಮ ಕೋಟದ ಕಡೆಯಿಂದ ಮದ್ರಾಸಿಗೆ ಯಾರು ಬಂದರೂ ಮೊದಲು ನೆಂಟರ ಹೋಟೆಲಿಗೆ ಹೋಗುವುದು ರೂಢಿ. ಅಲ್ಲಿ ಊಟಕ್ಕೆ ಬಿಲ್ಲಿಲ್ಲ, ಮಲಗಲು ಬಾಡಿಗೆ ಇಲ್ಲ. ಬದಲಿಗೆ ಕೈಲಾದ ಕೆಲಸ ಮಾಡಿಕೊಡಬೇಕು. ಯಾರೂ ಹೀಗೆಂದು ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ತಪ್ಪಿಸುವುದೂ ಇಲ್ಲ. ಬೇರೆಯವರು ತರಕಾರಿ ಹೆಚ್ಚುತ್ತಿದ್ದರು, ನಾನು ಬಾವಿಯ ಪಂಪು, ಕಾಫಿ ಬಾಯ್ಲರು, ಮೋಟಾರಿನ ರುಬ್ಬುವ ಕಲ್ಲು ನೋಡಿಕೊಳ್ಳುತ್ತಿದ್ದೆ. ಭಾನುವಾರವೆಂಬುದು ನನಗೆ ಇರಲೇ ಇಲ್ಲ. ಮಲಗುತ್ತಿದ್ದದ್ದು ಮಾಳಿಗೆಯ ಉಗ್ರಾಣದಲ್ಲಿ, ಅಕ್ಕಿ ಚೀಲಗಳ ಮೇಲೆ ಚಾಪೆ ಹಾಸಿಕೊಂಡು.

ಊರಲ್ಲಿ ಅಮ್ಮನ ಜೊತೆಗಿದ್ದ ಹೆಂಡತಿ ಜಲಜ ಹೆರಿಗೆಗೆ ತವರಿಗೆ ಹೋದವಳು ಅಲ್ಲೇ ಉಳಿದಿದ್ದಳು. ಮಗಳು ಹುಟ್ಟಿ ಐದು ತಿಂಗಳಾಗಿತ್ತು. ನಾಮಕರಣಕ್ಕೆ ಹೋಗಿ ಎರಡು ದಿನ ಕಂಡದ್ದು ಬಿಟ್ಟರೆ ನಾನು ಮಗುವನ್ನು ಎತ್ತಿಕೊಂಡವನಲ್ಲ. ಗಂಡಸರು ತುಂಬಿದ ಹೋಟೆಲಿನ ಉಗ್ರಾಣಕ್ಕೆ ಬಾಣಂತಿಯನ್ನು ಕರೆತರುವುದು ಹೇಗೆ? ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ದೊಡ್ಡ ಮನೆಯ ಹಿಂಭಾಗ ಬಾಡಿಗೆಗೆ ಇತ್ತು. ಒಂದು ಕೋಣೆ, ಒಲೆಗೆ ಒಂದು ಮೂಲೆ, ನಲ್ಲಿ ಆರು ಸಂಸಾರಕ್ಕೆ ಸೇರಿ ಒಂದು. ಅಂಥದ್ದನ್ನು ಅಲ್ಲಿ ಪೋರ್ಷನ್ ಎನ್ನುತ್ತಾರೆ. ಬಾಡಿಗೆ ಇಪ್ಪತ್ತೆಂಟು. ಅಮ್ಮನಿಗೆ ಊರಿಗೆ ಕಳಿಸುವುದು ಇಪ್ಪತ್ತು. ಉಳಿದದ್ದರಲ್ಲಿ ಮೂರು ಜನರ ಬದುಕು ನಡೆಯುವುದಿಲ್ಲ ಎಂದು ಎಷ್ಟು ಸಲ ಬೆರಳು ಮಡಿಸಿದರೂ ಅದೇ ಉತ್ತರ ಬರುತ್ತಿತ್ತು. ನಾನು ದಿನಾ ಸಂಜೆ ಆ ಬೀದಿಯಲ್ಲಿ ಒಂದು ಸುತ್ತು ಬಂದು, ಬಾಗಿಲಿಗೆ ಬೀಗ ಇನ್ನೂ ಇದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದೆ.

ಫೆಬ್ರವರಿಯಲ್ಲಿ ಸುದ್ದಿ ಬಂತು. ಮದ್ರಾಸೂ ದುಬಾರಿ ಊರೆಂದು ತೀರ್ಮಾನವಾದರೆ ತಿಂಗಳಿಗೆ ಮೂವತ್ತು ರೂಪಾಯಿಯವರೆಗೆ ನಗರ ಭತ್ಯೆ ಕೊಡಲು ಹೆಡ್ ಆಫೀಸಿಗೆ ಮನಸ್ಸಿದೆ, ನೋಡಿಕೊಂಡು ಹೋಗಲು ಒಬ್ಬ ಆಫೀಸರು ಬರುತ್ತಾರೆ ಎಂದು. ಶೆಡ್ಡಿನಲ್ಲಿ ನಾವು ಮೂವತ್ತೆರಡು ಜನ. ಮೂವತ್ತೆರಡು ಜನರೂ ಆ ಮೂವತ್ತು ರೂಪಾಯಿಯನ್ನು ಆಗಲೇ ಖರ್ಚು ಮಾಡಿ ಆಗಿತ್ತು. ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಎಂದು ನಾನು ಜಲಜಳಿಗೆ ಕಾಗದ ಬರೆದುಬಿಟ್ಟೆ.

ಬಂದವರು ದೇಸಾಯಿ ಎಂಬವರು. ಧಾರವಾಡದ ಕಡೆಯವರು, ಮುಂಬಯಿಯಲ್ಲಿ ಹತ್ತು ವರ್ಷದಿಂದ ನೌಕರಿ. ಎರಡು ದಿನ ಮಾರ್ಕೆಟ್ಟಿನಲ್ಲಿ ಅಕ್ಕಿ, ಬೇಳೆ, ಸೌದೆಯ ಧಾರಣೆ ಬರೆದುಕೊಂಡರು. ಆಮೇಲೆ ಇಬ್ಬರು ಕೆಲಸಗಾರರ ಮನೆಗೆ ಹೋಗಿ ಖುದ್ದಾಗಿ ನೋಡಬೇಕು ಎಂದರು. ಒಬ್ಬ ನಾನು, ಕನ್ನಡದವನೆಂಬ ಕಾರಣಕ್ಕೆ. ಇನ್ನೊಬ್ಬ ನನ್ನ ಪಕ್ಕದ ವೈಸಿನಲ್ಲಿ, ಅಂದರೆ ಲೋಹವನ್ನು ಬಿಗಿದು ಹಿಡಿಯುವ ಮೇಜಿನ ಇಕ್ಕಳದಲ್ಲಿ, ಕೆಲಸ ಮಾಡುವ ಮುನುಸಾಮಿ. ಮಂಗಳವಾರ ನನ್ನದು, ಬುಧವಾರ ಅವನದು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ಸೋಮವಾರವೇ ಮಾವನಿಗೆ ಹೇಳಿಬಿಟ್ಟೆ. “ಮುಂಬಯಿ ಆಫೀಸರು, ಕನ್ನಡದವರು, ನಾಳೆ ನಮ್ಮಲ್ಲಿಗೆ ಬರುತ್ತಾರೆ” ಎಂದೆ. ಯಾಕೆ ಬರುತ್ತಾರೆ ಎಂಬುದನ್ನೂ ಹೇಳಿದ್ದೆ, ಆದರೆ ಮಾವನ ಕಿವಿ ಮೊದಲಿನ ಮಾತಿಗೇ ನಿಂತುಬಿಟ್ಟಿತ್ತು.

ಮಂಗಳವಾರ ಮಧ್ಯಾಹ್ನ ದೇಸಾಯರನ್ನು ಕರೆದುಕೊಂಡು ಹೋದಾಗ ಹೋಟೆಲಿನ ಹಿಂದಿನ ಅಂಗಳದಲ್ಲಿ ರಂಗೋಲಿ. ಬಾಳೆಲೆಯ ತುದಿಗೆ ಎರಡು ಬಗೆ ಕೋಸಂಬರಿ, ಹೋಳಿಗೆ, ಅದರ ಮೇಲೆ ತುಪ್ಪ, ಗುಳ್ಳದ ಹುಳಿ. ಗುಳ್ಳ ಎಂದರೆ ನಮ್ಮ ಕಡೆಯ ಬದನೆ, ಊರಿನಿಂದ ಬಂದದ್ದು. ಮಾವ ಅದನ್ನು ಯಾರಿಗೂ ಬಡಿಸದೆ ಇಟ್ಟಿದ್ದ. ದೇಸಾಯರು ಬೆವರು ಒರೆಸಿಕೊಳ್ಳುತ್ತಾ ಉಂಡರು. ಕೈ ತೊಳೆದು ನೋಟ್‌ಬುಕ್ಕು ತೆಗೆದರು.

“ಇವರು ಊಟಕ್ಕ ತಿಂಗಳಿಗೆ ಎಷ್ಟ ಕೊಡ್ತಾರ್ರೀ?”

“ಎಂತ ಕೇಳ್ತ್ರಿ ಸ್ವಾಮಿ ನೀವ್?” ಎಂದ ಮಾವ. “ಅಕ್ಕನ ಮಗನ ಹತ್ರ ಊಟಕ್ಕೆ ದುಡ್ ತಕಂಬುದಾ? ನಾ ಇಪ್ಪಲ್ಲಿವರೆಗೆ ಅವನ ಎಲೆ ಇಲ್ಲಿ ಇತ್.”

“ಹಂಗಾರ ಬಾಡಿಗಿ?”

“ಬಾಡಿಗೆಯಾ? ಬನ್ನಿ, ಕೋಣೆ ಕಾಣಿ.”

ಮಾವ ಅವರನ್ನು ಉಗ್ರಾಣಕ್ಕೆ ಕರೆದೊಯ್ಯಲಿಲ್ಲ. ತಾನು ಮಲಗುವ ಕೋಣೆಗೆ ಕರೆದೊಯ್ದ. ಮಂಚ, ಬಿಳಿ ಹಾಸಿಗೆ, ಮೇಲೆ ತಿರುಗುವ ಫ್ಯಾನು. “ಇದೇ ನಮ್ಮ ರಾಮಕೃಷ್ಣಂದ್” ಎಂದ. ನಾನು ಬಾಗಿಲ ಹತ್ತಿರ ನಿಂತು ನೆಲ ನೋಡಿದೆ. ನಮ್ಮಲ್ಲಿ ಮನೆಗೆ ಬಂದವರೆದುರು ಇಲ್ಲ ಎನ್ನುವುದು ಉಣ್ಣಿಸಿದವನ ಮುಖಕ್ಕೆ ಮಸಿ ಬಳಿದಂತೆ. ಅದೂ ಒಂದು ಕಾರಣ. ಇನ್ನೊಂದು ಕಾರಣವನ್ನು ಈ ವಯಸ್ಸಿನಲ್ಲಿ ಮುಚ್ಚಿಡುವುದೇಕೆ? ಆ ಫ್ಯಾನಿನ ಕೆಳಗೆ ದೇಸಾಯರು ನನ್ನ ಕಡೆ ತಿರುಗಿ ಒಂದು ಮೆಚ್ಚುಗೆಯ ನೋಟ ನೋಡಿದರು. ಆ ನೋಟ ನನಗೆ ಹಿತವಾಯಿತು. “ಮದ್ರಾಸಿನಲ್ಲಿ ನಮಗೇನೂ ಕಷ್ಟವಿಲ್ಲ ಸಾರ್” ಎಂದು ನಾನೇ ಸೇರಿಸಿದೆ. ಅವರು ಅದನ್ನೂ ಬರೆದುಕೊಂಡರು.

ಬುಧವಾರ ಮುನುಸಾಮಿ ಅರ್ಧ ದಿನ ರಜೆ ಹಾಕಿ ಮನೆಯಲ್ಲಿ ಕಾದ. ಯಾರೂ ಹೋಗಲಿಲ್ಲ. ಒಂದು ಮನೆ ನೋಡಿದರೆ ಸಾಕು, ಎಲ್ಲ ಒಂದೇ ದರ್ಜೆಯವರು ಎಂದು ನಮ್ಮ ಮ್ಯಾನೇಜರು ಹೇಳಿದರಂತೆ.

ಗುರುವಾರ ಆಫೀಸಿನ ಟೈಪಿಸ್ಟ್ ರಾಘವಾಚಾರ್ ನನ್ನನ್ನು ನೀರಿನ ಡ್ರಮ್ಮಿನ ಹತ್ತಿರ ಕರೆದರು. ಅವರದು ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ವೈಷ್ಣವ ಮನೆತನ, ಕನ್ನಡದಲ್ಲಿ ಅರ್ಧ ತಮಿಳು.

“ಏನಪ್ಪಾ, ನಿನ್ನ ಮಾಮನ ಹೋಟೆಲಲ್ಲಿ ತಡಬುಡಲ್ ವಿರುಂದಾಮೇ, ಭಾರಿ ಔತಣವಂತೆ? ಹೋಳಿಗೆ ಎಲ್ಲ ಹಾಕಿದರಂತೆ. ಚುಮ್ಮಾ ಇರಕ್ಕೆ ಆಗಲಿಲ್ಲವಾ ನಿನಗೆ? ಈಗ ತಾನೇ ರಿಪೋರ್ಟ್ ಟೈಪ್ ಮಾಡಿಕೊಟ್ಟೆ. ಮದ್ರಾಸ್ ವರ್ಕರ್‌ಗೆ ಊಟ, ಮನೆ ಎರಡೂ ಸೊಂದಕ್ಕಾರರ, ನೆಂಟರ ಕಡೆಯಿಂದ ಸಿಗುತ್ತೆ, ಭತ್ಯೆ ಆರು ರೂಪಾಯಿ ಪೋದುಮ್, ಸಾಕು ಅಂತ ಇದೆ.”

ಆರು ರೂಪಾಯಿ. ನನಗೊಬ್ಬನಿಗಲ್ಲ, ಮೂವತ್ತೆರಡು ಜನಕ್ಕೆ. ಸಹಿಯಾದ ರಿಪೋರ್ಟು ದೇಸಾಯರ ಚೀಲದಲ್ಲೇ ಇದೆ, ಅವರು ಶುಕ್ರವಾರ ನಾಲ್ಕು ಗಂಟೆಯ ಗಾಡಿಗೆ ಎಗ್ಮೋರಿನಿಂದ ತಿರುಚ್ಚಿಗೆ ಹೋಗುತ್ತಾರೆ, ಅಲ್ಲಿಯದನ್ನೂ ಬರೆದು ಎರಡನ್ನೂ ಸೇರಿಸಿ ಮುಂಬಯಿಗೆ ಅಂಚೆಗೆ ಹಾಕುತ್ತಾರೆ ಎಂದು ರಾಘವಾಚಾರ್ ಹೇಳಿದರು.

ಮುನುಸಾಮಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎನ್ನಿಸಿತು. ಅವನು ಬೈಯಲಿಲ್ಲ. ವೈಸಿನ ಹಿಡಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿ, ಮತ್ತೆ ಸಡಿಲಿಸಿ, “ಉನಕ್ಕು ಮಾಮಾ ಇರುಕ್ಕಾರು. ಎನಕ್ಕು ಯಾರು ಇರುಕ್ಕಾ?” ಎಂದ. ನಿನಗೆ ಮಾವ ಇದ್ದಾನೆ, ನನಗೆ ಯಾರಿದ್ದಾರೆ ಎಂದು.

ಶುಕ್ರವಾರ ಬೆಳಿಗ್ಗೆ ರಾಯಪುರಂನ ಐಸ್ ಫ್ಯಾಕ್ಟರಿಯ ಬೇರಿಂಗು ಮುಂದಿತ್ತು. ನೀಲಿ ಬಳಿದೆ, ತಿರುಗಿಸಿದೆ, ಹೆರೆದೆ. ಕಣ್ಣು ಗಡಿಯಾರದ ಕಡೆ, ಕೈ ಬೇರಿಂಗಿನ ಮೇಲೆ. ಹೆರೆಯಬಾರದ ಕಡೆ ಹೆರೆದುಬಿಟ್ಟೆ. ಆರು ವರ್ಷದಲ್ಲಿ ಮೊದಲ ಸಲ. ಫೋರ್‌ಮನ್ ಬಂದು ಬೆರಳಾಡಿಸಿ ನೋಡಿ, ಬೇರಿಂಗನ್ನು ಎತ್ತಿ ಪಕ್ಕಕ್ಕಿಟ್ಟು, “ಇವತ್ತು ನೀನು ಏನೂ ಮುಟ್ಟಬೇಡ, ಮನೆಗೆ ಹೋಗು” ಎಂದರು. ಅರ್ಧ ದಿನದ ಸಂಬಳ ಹೋಯಿತು, ಆದರೆ ಮಧ್ಯಾಹ್ನ ನನ್ನದಾಯಿತು.

ಮೊದಲು ಹೋಟೆಲಿಗೆ ಹೋದೆ. ಮಾವನಿಗೆ ತಿಳಿಸದೆ ದೇಸಾಯರ ಹತ್ತಿರ ಹೋಗಿ ಅವನ ಮಾತು ಸುಳ್ಳೆಂದು ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಮಾವ ಗಲ್ಲಾದಲ್ಲಿ ಕುಳಿತಿದ್ದ. ಹೇಳಿದೆ. ಅವನ ಮುಖ ಕೆಂಪಾಯಿತು.

“ನಾ ನಿನ್ ಮರ್ಯಾದಿ ಉಳ್ಸುಕೆ ಮಾಡಿದ್ದ್. ಅಕ್ಕನ ಮಗ ಚೀಲದ್ ಮೇಲೆ ಮನಿಕಂತ ಅಂದೇಳಿ ಆ ಮನ್ಷನ ಎದುರು ಹೇಳುಕಾತ್ತಾ?”

“ಚೀಲದ ಮೇಲೆ ಮಲಗುವುದು ಹೌದಲ್ಲ ಮಾವ.”

“ಹೌದ್. ಅದ್ ನಮ್ಮನಿ ಒಳಗಿನ್ ವಿಚಾರ.” ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸಿ ಕೊಟ್ಟು, ಅವರು ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದ: “ನೀ ಹೋಯಿ ಮಾವ ಸುಳ್ ಹೇಳ್ದ ಅಂದ್ರೆ, ಮತ್ತೆ ನನ್ ಹತ್ರ ಮಾತಾಡ್ಬೇಡ.”

ಆ ಊರಿನಲ್ಲಿ ನನಗೆ ಅನ್ನ ಹಾಕಿದವನು ಅವನೊಬ್ಬನೇ. ಹೋಟೆಲಿನ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತೆ. ಒಳಗೆ ಹೋದರೆ ಊಟ, ಹೊರಗೆ ಹೋದರೆ ಎಗ್ಮೋರು. ಹಿಂದಿನ ಬೀದಿಯ ಬೀಗ ಕಣ್ಣಿಗೆ ಬಂತು. ಊಟ ಮಾಡದೆ ನಡೆದೆ. ಬಸ್ಸಿಗೆ ನಿಂತರೆ ಅದು ಬರಲಿಲ್ಲ. ನಿಂತು ಕಾಯುವುದೂ ಆಗಲಿಲ್ಲ. ಮೌಂಟ್ ರೋಡು ದಾಟಿ ಬಿಸಿಲಲ್ಲಿ ಅರ್ಧ ನಡಿಗೆ, ಅರ್ಧ ಓಟ.

ಎಗ್ಮೋರಿನ ಪ್ಲಾಟ್‌ಫಾರಂನಲ್ಲಿ ದೇಸಾಯರು ಬೆಡ್ಡಿಂಗಿನ ಮೇಲೆ ಕುಳಿತು ಕಿತ್ತಲೆ ಸುಲಿಯುತ್ತಿದ್ದರು. ಗಾಡಿ ಬಂದು ನಿಂತಿತ್ತು, ಹೊರಡಲು ಅರ್ಧ ಗಂಟೆ ಇತ್ತು. ನಾನು ಏದುಸಿರಿನಲ್ಲೇ ಎಲ್ಲ ಹೇಳಿದೆ. ಫ್ಯಾನಿನ ಕೋಣೆ ನನ್ನದಲ್ಲ, ನಾನು ಮಲಗುವುದು ಅಕ್ಕಿ ಚೀಲದ ಮೇಲೆ, ಹೋಳಿಗೆ ನಿಮಗಾಗಿ ಮಾಡಿದ್ದು, ಊಟಕ್ಕೆ ಬದಲು ಭಾನುವಾರವೆಲ್ಲ ಪಂಪು ಬಾಯ್ಲರಿನ ಕೆಲಸ ಮಾಡುತ್ತೇನೆ ಎಂದು.

ಅವರು ಕಿತ್ತಲೆಯ ಒಂದು ತೊಳೆ ಬಾಯಿಗಿಟ್ಟುಕೊಂಡರು. “ಖರೇ. ಆದ್ರ ರೊಕ್ಕ ಕೊಡಂಗಿಲ್ಲಲ್ಲ?”

“ಕೊಡುವುದಿಲ್ಲ.”

“ಹಂಗಾರ ನಾ ಬರದದ್ರಾಗ ತಪ್ಪೇನೈತ್ರೀ? ನಿಮ್ಮ ಖರ್ಚು ಕಡಿಮಿ. ಖರ್ಚು ಕಡಿಮಿ ಇದ್ದಲ್ಲಿ ಪಗಾರೂ ಕಡಿಮಿ. ನಾ ಮಾಡಿದ ನಿಯಮ ಅಲ್ಲ ಅದು.”

ಅವರ ಮಾತು ನೇರವಾಗಿತ್ತು. ನನ್ನ ಖರ್ಚಿನ ಕಥೆ ಅಲ್ಲಿಗೆ ಮುಗಿದುಹೋಯಿತು. ಅಳು ಬರುವಂತಾಯಿತು. ಆಗ, ಎಲ್ಲಿಂದ ಬಂತೋ, ರಾಯಪುರಂನ ಐಸ್ ಫ್ಯಾಕ್ಟರಿಯ ಯಜಮಾನರ ಬೈಗುಳ ನೆನಪಾಯಿತು. ನಾನು ಕಾಫಿಗೆ ಎದ್ದಾಗಲೆಲ್ಲ ಅವರು, ದಿನಕ್ಕೆ ಹದಿನೆಂಟು ರೂಪಾಯಿ ಕಟ್ಟುತ್ತೇನಯ್ಯ ನಿನ್ನ ಕಂಪನಿಗೆ, ಬೇಗ ಕುಡಿದು ಬಾ ಎನ್ನುತ್ತಿದ್ದರು.

“ಸಾರ್, ಒಂದು ಮಾತು. ನನ್ನನ್ನು ಐಸ್ ಫ್ಯಾಕ್ಟರಿಗೆ ಕಳಿಸಿದರೆ ಕಂಪನಿ ದಿನಕ್ಕೆ ಹದಿನೆಂಟು ರೂಪಾಯಿ ಬಿಲ್ ಹಾಕುತ್ತದೆ. ಮುಂಬಯಿಯಲ್ಲಿ ಫಿಟ್ಟರನ್ನು ಕಳಿಸಿದರೆ ಎಷ್ಟು ಹಾಕುತ್ತದೆ?”

ದೇಸಾಯರು ತೊಳೆ ಬಿಡಿಸುವುದನ್ನು ನಿಲ್ಲಿಸಿದರು. ನನಗೆ ಅದರ ಉತ್ತರ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

“ಹದಿನೆಂಟಽ,” ಎಂದರು.

“ಬಿಲ್ ಹಾಕುವಾಗ ನಾನೂ ಮುಂಬಯಿ ಫಿಟ್ಟರೂ ಒಂದೇ. ಸಂಬಳ ಕೊಡುವಾಗ ಮಾತ್ರ ನಾನು ಎಲ್ಲಿ ಉಂಡೆ, ಎಲ್ಲಿ ಮಲಗಿದೆ ಅಂತ ಕೇಳುತ್ತೀರಿ. ನೀವು ಕಡಿಮೆ ಕೊಟ್ಟದ್ದನ್ನು ನಮ್ಮ ಮಾವ ತುಂಬಿಕೊಡುತ್ತಿದ್ದಾರೆ ಸಾರ್. ಮುನುಸಾಮಿಗೆ ತುಂಬಿಕೊಡಲು ಮಾವ ಇಲ್ಲ.”

ಇಷ್ಟು ಉದ್ದದ ಮಾತನ್ನು ನಾನು ಯಾವ ಆಫೀಸರ ಎದುರೂ ಆಡಿರಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ.

ದೇಸಾಯರು ಕಿತ್ತಲೆಯ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿದರು. “ಬಾಳ ಮಾತಾಡ್ತೀರಿ ನೀವು,” ಎಂದರು. ಆಮೇಲೆ, “ಆ ಮುನುಸಾಮಿ ಮನಿ ಎಷ್ಟ ದೂರ?”

“ಹತ್ತು ನಿಮಿಷ.”

“ನನಗ ರಾತ್ರಿ ಇನ್ನೊಂದು ಗಾಡಿ ಐತಿ. ನಡೀರಿ. ಈ ಸಲ ಯಾರಿಗೂ ಮೊದಲಽ ಹೇಳೂದು ಬ್ಯಾಡ.”

ಪುದುಪೇಟೆಯ ಒಳಗಲ್ಲಿಯಲ್ಲಿ ಮುನುಸಾಮಿಯ ಮನೆ. ಅವನು ಇನ್ನೂ ಶೆಡ್ಡಿನಲ್ಲಿದ್ದ. ಅವನ ಹೆಂಡತಿ ಕಣ್ಣಮ್ಮ ಬಾಗಿಲಲ್ಲಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು, ಪಕ್ಕದಲ್ಲಿ ಒಂದು ಮಗು ಮಲಗಿತ್ತು. ಕಂಪನಿಯವರು ಎಂದೆ. ಆಕೆ ಎದ್ದು ಸೆರಗು ಸರಿಮಾಡಿಕೊಂಡು, ಒಂದು ಲೋಟ ನೀರು ತಂದು ದೇಸಾಯರ ಕೈಗೆ ಕೊಟ್ಟು, ಏನೂ ಸಂಕೋಚವಿಲ್ಲದೆ ಹೇಳಿದಳು: “ಕಾಪಿ ಕೊಡುಕ್ಕ ಮುಡಿಯಾದುಂಗ. ಇರುಕ್ಕುರ ಪಾಲು ಕುಳಂದೈಕ್ಕು.”

ಇರುವ ಹಾಲು ಮಗುವಿಗೆ, ನಿಮಗೆ ಕಾಫಿ ಕೊಡಲಾಗದು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು, ಆಕೆಗಲ್ಲ. ಅತಿಥಿಯೆದುರು ಇಲ್ಲ ಎಂಬ ಮಾತನ್ನು ಇಷ್ಟು ಸುಲಭವಾಗಿ ಹೇಳಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ದೇಸಾಯರು ನೀರು ಪೂರ್ತಿ ಕುಡಿದರು. ಆಮೇಲೆ ಒಂದೊಂದಾಗಿ ಕೇಳಿದರು. ಬಾಡಿಗೆ ಇಪ್ಪತ್ತೆರಡು, ಒಂದೇ ಕೋಣೆ, ಐದು ಮಕ್ಕಳು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಕೊಡಕ್ಕೆ ಇಷ್ಟೆಂದು ಕೊಡಬೇಕು. ಸೌದೆ ಮಳೆಗಾಲದಲ್ಲಿ ಒಂದೂವರೆ ಪಟ್ಟು. ಆಕೆ ಬೆರಳು ಮಡಿಸುತ್ತಾ ಹೇಳಿದಳು, ಒಂದನ್ನೂ ಹೆಚ್ಚಿಸಲಿಲ್ಲ. ಎರಡು ಸಲ ತಾನೇ ತಿದ್ದಿಕೊಂಡು ಕಡಿಮೆ ಹೇಳಿದಳು. ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬಿತು. ಹೊರಗೆ ಬಂದ ಮೇಲೆ ದೇಸಾಯರು, “ನಾ ಇಲ್ಲಿಗೇ ಮೊದಲ ಬರಬೇಕಿತ್ತು,” ಎಂದಷ್ಟೇ ಹೇಳಿದರು. ಮುಂದೆ ಏನು ಮಾಡುತ್ತೇನೆಂದು ಹೇಳಲಿಲ್ಲ.

ಆಮೇಲಿನ ಎರಡು ತಿಂಗಳು ಹೇಗೆ ಕಳೆದವೆಂದು ಕೇಳಬೇಡಿ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಕೈಯ ಕೆಲಸ ನಿಲ್ಲುತ್ತಿತ್ತು. ಹಿಂದಿನ ಬೀದಿಯ ಬೀಗ ಒಂದು ದಿನ ಇರಲಿಲ್ಲ. ಬಾಗಿಲಲ್ಲಿ ಬೇರೆ ಯಾರದ್ದೋ ಚಪ್ಪಲಿ. ಜಲಜಳ ಕಾಗದಗಳಲ್ಲಿ ಯಾವಾಗ ಎಂಬ ಮಾತು ಮೊದಲು ಎರಡು ಸಲ ಇರುತ್ತಿತ್ತು, ಆಮೇಲೆ ಒಂದು ಸಲ, ಆಮೇಲೆ ಇರಲಿಲ್ಲ. ಮಾವ ಹೇಳಿದಂತೆಯೇ ಮಾತು ಬಿಟ್ಟಿದ್ದ. ಆದರೆ ನನ್ನ ಎಲೆ ಒಂದು ದಿನವೂ ತಪ್ಪಲಿಲ್ಲ. ಅಡುಗೆ ಭಟ್ಟರು ಬಡಿಸುತ್ತಿದ್ದರು, ಮಾವ ಗಲ್ಲಾದಿಂದ ಬೇರೆ ಕಡೆ ನೋಡುತ್ತಿದ್ದ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಆರ್ಡರು ಬಂತು. ಮದ್ರಾಸಿಗೆ ನಗರ ಭತ್ಯೆ ಇಪ್ಪತ್ತನಾಲ್ಕು ರೂಪಾಯಿ. ಮೂವತ್ತಲ್ಲ, ಆರೂ ಅಲ್ಲ. ಶೆಡ್ಡಿನಲ್ಲಿ ಜನ ಸುತ್ತಿಗೆಯಿಂದ ತಗಡಿನ ಗೋಡೆ ಬಡಿದರು. ಮುನುಸಾಮಿ ನನ್ನ ಬೆನ್ನಿಗೊಂದು ಗುದ್ದಿದ. ಆಗ ರಾಘವಾಚಾರ್ ಕಾಗದದ ಕೊನೆಯ ಸಾಲು ಓದಿದರು: ಬಾಡಿಗೆಯ ರಸೀದಿ ತೋರಿಸಿದವರಿಗೆ ಮಾತ್ರ, ರಸೀದಿ ತಂದ ಮರುತಿಂಗಳಿಂದ.

ಮೂವತ್ತೆರಡು ಜನರಲ್ಲಿ ಬಾಡಿಗೆ ಕೊಡದವನು ನಾನೊಬ್ಬ.

ಎಲ್ಲರೂ ನನ್ನ ಕಡೆ ನೋಡಿದರು. ಮುನುಸಾಮಿ ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಅವತ್ತು ಸಂಜೆ ಅವನೇ ನನ್ನನ್ನು ಚಿಂತಾದ್ರಿಪೇಟೆಗೆ ಕರೆದುಕೊಂಡು ಹೋಗಿ, ಅವನ ಅತ್ತಿಗೆಯ ಪರಿಚಯದ ಒಂದು ಮನೆಯ ಪೋರ್ಷನ್ ತೋರಿಸಿದ. ಇಪ್ಪತ್ತಾರು ರೂಪಾಯಿ. ಕಿಟಕಿ ಒಂದೇ, ಅದರಾಚೆ ಹೊಳೆಯ ವಾಸನೆ. ಮೊದಲ ತಿಂಗಳ ಬಾಡಿಗೆಯನ್ನು ತೊಂಬತ್ತೈದರಲ್ಲೇ ಕೊಟ್ಟು, ರಸೀದಿ ಕೈಗೆ ಬಂದ ಮೇಲೆ ಭತ್ಯೆ. ಹೂಂ ಎಂದೆ.

ಹೋಟೆಲಿನಿಂದ ಟ್ರಂಕು ಎತ್ತಿಕೊಂಡು ಹೊರಟ ದಿನ ಗಲ್ಲಾದ ಮುಂದೆ ನಿಂತೆ. ಹೇಳದೆ ಹೋಗಲು ಆಗಲಿಲ್ಲ. ಎರಡು ತಿಂಗಳ ಮೇಲೆ ಮಾವ ಬಾಯಿಬಿಟ್ಟ.

“ಆರ್ ವರ್ಷದ್ ಊಟಕ್ಕೆ ಬಿಲ್ ಮಾಡ್ಲಾ?”

“ಆರು ವರ್ಷದ ಪಂಪಿಗೆ ನಾನೂ ಮಾಡಲಾ ಮಾವ?”

ನಗು ಬಂದದ್ದು ಮೊದಲು ಅಡುಗೆ ಭಟ್ಟರಿಗೆ, ಆಮೇಲೆ ಮಾವನಿಗೆ. “ಹೋಯ್ಕೊ, ಹೋಯ್ಕೊ” ಎಂದು ಕೈ ಬೀಸಿದ. ಎರಡು ವಾರ ಕಳೆದು ಪಂಪು ನಿಂತಾಗ ಹೇಳಿಕಳಿಸಿದ. ಹೋಗಿ ಸರಿಮಾಡಿದೆ. ಮೂರು ರೂಪಾಯಿ ಮುಂದಿಟ್ಟ.

“ಹೊರಗಿನ ಮೆಕ್ಯಾನಿಕ್ ಐದ್ ಕೇಳ್ತ. ನೀ ನಮ್ಮವ, ಅದಕ್ಕೆ ಮೂರ್.”

“ನಮ್ಮವನು ಅಂತ ನೀವು ಎರಡು ರೂಪಾಯಿ ಮುರಿದುಕೊಂಡರೆ, ನಮ್ಮ ಮಾವ ಅಂತ ನಾನು ಏನು ಮುರಿದುಕೊಳ್ಳಲಿ?” ಎಂದೆ. ಮಾವ ಇನ್ನೊಂದು ರೂಪಾಯಿ ಮುಂದಿಟ್ಟ. ನಾಲ್ಕಕ್ಕೆ ಮುಗಿಯಿತು.

ಜೂನ್ ಮೊದಲ ವಾರ ಜಲಜ ಮಂಗಳೂರಿನ ಗಾಡಿಯಲ್ಲಿ ಸೆಂಟ್ರಲ್ ಸ್ಟೇಷನ್ನಿಗೆ ಬಂದಿಳಿದಳು. ಮಗಳು ನನ್ನನ್ನು ನೋಡಿ ಕಿರುಚಿ ಅತ್ತಳು. ಎತ್ತಿಕೊಂಡರೆ ಇನ್ನೂ ಜೋರು. ಪ್ಲಾಟ್‌ಫಾರಂನಲ್ಲಿ ಜನ ತಿರುಗಿ ನೋಡುವಷ್ಟು. ನನಗೆ ಆ ಅಳು ಕೇಳಿ ಆದ ಸಂತೋಷವನ್ನು ಅಳೆಯುವ ಮಾಪು ನಮ್ಮ ಕಸುಬಿನಲ್ಲಿ ಇಲ್ಲ. ಚಿಂತಾದ್ರಿಪೇಟೆಯ ಕೋಣೆಯನ್ನು ಜಲಜ ಬಾಗಿಲಲ್ಲೇ ನಿಂತು ನೋಡಿದಳು.

“ಇಷ್ಟೆಯಾ?”

“ಇಷ್ಟೇ.”

“ಇದ್ಕೆ ಇಪ್ಪತ್ತಾರಾ?”

“ಇಪ್ಪತ್ತಾರು. ಈ ತಿಂಗಳಿಂದ ಕಂಪನಿ ಇಪ್ಪತ್ತನಾಲ್ಕು ಕೊಡುತ್ತದೆ.”

ನಾನು ಆ ಶೆಡ್ಡಿನಲ್ಲಿ ಇನ್ನೂ ಹತ್ತು ವರ್ಷ ಇದ್ದೆ. ೧೯೬೪ರಲ್ಲಿ ಫೋರ್‌ಮನ್ ಆದೆ. ಮುಂಬಯಿಗೂ ಮದ್ರಾಸಿಗೂ ನಡುವಿನ ಅಂತರ ಕಡಿಮೆಯಾಯಿತು, ಅಳಿಯಲಿಲ್ಲ. ಊರು ದುಬಾರಿಯಾದರೆ ಸಂಬಳ ಹೆಚ್ಚಬೇಕು ಎಂಬುದನ್ನು ನಾನು ಈಗಲೂ ಒಪ್ಪುತ್ತೇನೆ; ಉಣ್ಣದೆ ಯಾರ ಕೈಯೂ ಓಡುವುದಿಲ್ಲ. ಆದರೆ ಊರು ಅಗ್ಗ ಎಂದು ಕೈಯನ್ನೂ ಅಗ್ಗ ಮಾಡಬಾರದು. ಕೆಲಸಕ್ಕೆ ಬೆಲೆ ಕಟ್ಟಲು ಬಂದವರಿಗೆ ನಾವು ಊಟ ಹಾಕುತ್ತೇವೆ, ಕೋಣೆ ತೋರಿಸುತ್ತೇವೆ, ನಮಗೇನೂ ಕಡಿಮೆಯಿಲ್ಲ ಎನ್ನುತ್ತೇವೆ, ಕೆಲಸವನ್ನು ಮಾತ್ರ ತೋರಿಸಲು ಮರೆಯುತ್ತೇವೆ. ಫೋರ್‌ಮನ್ ಆದ ಮೇಲೆ ಹೊಸ ಫಿಟ್ಟರು ಸೇರಿದ ದಿನವೇ ನಾನು ಕೇಳುತ್ತಿದ್ದದ್ದು ಎರಡು ಪ್ರಶ್ನೆ: ನಿನ್ನ ಒಂದು ದಿನಕ್ಕೆ ಗಿರಾಕಿಗೆ ಎಷ್ಟು ಬಿಲ್ ಹಾಕುತ್ತೇವೆ ಗೊತ್ತೇ? ಗೊತ್ತಿಲ್ಲದಿದ್ದರೆ, ಯಾಕೆ ಕೇಳಲಿಲ್ಲ?